ಬದುವಿನಾಚೆಯ ತಪ್ಪಿಗೆ ಹೊಲದೊಳಗೆ ಸೆನ್ಸರ್

ನಮ್ಮ ರೈತ ಕಣ್ಣಂದಾಜಿನ ಮೇಲೆ ಗೊಬ್ಬರ ಎರಚುತ್ತಾನೆ. ತನ್ನ ಮಣ್ಣಿನಲ್ಲಿ ಏನಿದೆ, ಏನಿಲ್ಲ ಎಂಬುದು ಅವನಿಗೆ ಗೊತ್ತಿಲ್ಲ. ಪಕ್ಕದ ಹೊಲದವನು ಎರಡು ಚೀಲ ಹಾಕಿದರೆ ಇವನು ಮೂರು ಹಾಕುತ್ತಾನೆ. ಅದಕ್ಕೇ ಮಣ್ಣು ಕೆಡುತ್ತಿದೆ, ಖರ್ಚು ಏರುತ್ತಿದೆ, ಸರ್ಕಾರದ ಸಹಾಯಧನ ಹಳ್ಳದ ಪಾಲಾಗುತ್ತಿದೆ. ತೇವಾಂಶ ಅಳೆಯಲು ನೆಲದಲ್ಲೊಂದು ಸೆನ್ಸರ್, ಬೆಳೆ ನೋಡಲು ಮೇಲೊಂದು ಉಪಗ್ರಹ, ಕೈಯಲ್ಲೊಂದು ಆ್ಯಪ್, ಸಿಂಪಡಿಸಲು ಒಂದು ಡ್ರೋನ್ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ.

ನಿಖರ ಕೃಷಿಯ ಹೆಸರಿನಲ್ಲಿ ನಾವು ಕೇಳುತ್ತ ಬಂದಿರುವ ವಾದದ ಸಾರ ಇಷ್ಟು. ಕೃಷಿ ಮೇಳದ ವೇದಿಕೆ, ಬಜೆಟ್ ಭಾಷಣ, ಬೆಂಗಳೂರಿನ ನವೋದ್ಯಮಗಳ ಕರಪತ್ರ, ಎಲ್ಲಿ ನೋಡಿದರೂ ಇದೇ ಮಾತು. ಒಪ್ಪದವರನ್ನು ಹಳಬರೆಂದೋ ಯಂತ್ರ ಕಂಡರಾಗದವರೆಂದೋ ಬದಿಗೆ ಸರಿಸುವುದೂ ಸುಲಭ. ನಾನು ಯಂತ್ರವಿರೋಧಿಯಲ್ಲ, ಅಳತೆ ಬೇಡ ಅನ್ನುವವನೂ ಅಲ್ಲ. ನನ್ನ ತಕರಾರು ಇರುವುದು ಆ ವಾದದ ಮೊದಲ ವಾಕ್ಯದ ಬಗ್ಗೆ. ರೈತ ಯೂರಿಯಾ ಹೆಚ್ಚು ಹಾಕುತ್ತಾನೆ ಎಂಬುದು ನಿಜ. ಗೊತ್ತಿಲ್ಲದೆ ಹಾಕುತ್ತಾನೆ ಎಂಬುದು ಸುಳ್ಳು. ಬೆಲೆ, ಪೂರೈಕೆ, ಗುತ್ತಿಗೆ, ಕಾರ್ಖಾನೆಯ ಲೆಕ್ಕ ಎಲ್ಲವೂ ಸೇರಿ ಹೆಚ್ಚು ಹಾಕುವುದೇ ಜಾಣತನ ಎನ್ನುವಂಥ ಸ್ಥಿತಿ ಮಾಡಿಟ್ಟಿವೆ. ಜಾಣತನದಿಂದ ಮಾಡುವ ಕೆಲಸವನ್ನು ಮಾಹಿತಿ ಕೊಟ್ಟು ಬಿಡಿಸಲಾಗದು.

ಮೊದಲು ಬೆಲೆಯನ್ನೇ ನೋಡೋಣ. 45 ಕಿಲೋ ಯೂರಿಯಾ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ಅದರಲ್ಲಿ ಶೇ. 46ರಷ್ಟು ಸಾರಜನಕ, ಅಂದರೆ 20 ಕಿಲೋ 700 ಗ್ರಾಂ. ಕಿಲೋ ಸಾರಜನಕಕ್ಕೆ 13 ರೂಪಾಯಿಯೂ ಬೀಳಲಿಲ್ಲ. ಅದೇ ಅಂಗಡಿಯಲ್ಲಿ 50 ಕಿಲೋ ಡಿಎಪಿ ಚೀಲಕ್ಕೆ 1,350 ರೂಪಾಯಿ. ಅದರಲ್ಲಿರುವ ಸಾರಜನಕದ ಬೆಲೆ ಕಳೆದರೆ ಕಿಲೋ ರಂಜಕಕ್ಕೆ ಐವತ್ತರ ಮೇಲೆ ಬೀಳುತ್ತದೆ. ಪೊಟ್ಯಾಷ್ ಕೂಡ ಹೆಚ್ಚುಕಡಿಮೆ ಅಷ್ಟೇ. ಒಂದು ಪೋಷಕಾಂಶ 13 ರೂಪಾಯಿಗೆ, ಉಳಿದೆರಡು ಅದರ ನಾಲ್ಕು ಪಟ್ಟು ಬೆಲೆಗೆ ಸಿಗುವಾಗ ಯಾರಾದರೂ ಯಾವುದರ ಮೇಲೆ ಕೈ ಇಡುತ್ತಾರೆ ಎನ್ನುವುದಕ್ಕೆ ಉಪಗ್ರಹದ ಚಿತ್ರ ಬೇಕಿಲ್ಲ. ಈ ಓರೆ ತಾನಾಗಿ ಆದದ್ದಲ್ಲ. 2010ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ನೀತಿ ಬಂದಾಗ ರಂಜಕ, ಪೊಟ್ಯಾಷುಗಳ ಬೆಲೆಯನ್ನು ಸಡಿಲಬಿಟ್ಟರು, ಯೂರಿಯಾವನ್ನು ಮಾತ್ರ ಹೊರಗಿಟ್ಟರು. ಹದಿನೈದು ವರ್ಷ ಕಳೆದರೂ ಆ ಓರೆಯನ್ನು ನೆಟ್ಟಗೆ ಮಾಡುವ ಧೈರ್ಯ ಯಾವ ಪಕ್ಷದ ಸರ್ಕಾರಕ್ಕೂ ಬಂದಿಲ್ಲ.

ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ. 2025–26ರಲ್ಲಿ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಒಂದು ಕ್ವಿಂಟಲ್ ಕಾಳು ಒಂಬತ್ತು ಚೀಲ ಯೂರಿಯಾಕ್ಕೆ ಸಮ. ಪೇಟೆಯಲ್ಲಿ ಬೆಂಬಲ ಬೆಲೆ ಸಿಗದೆ 1,800ಕ್ಕೆ ಮಾರಿದರೂ ಆರೇಳು ಚೀಲಕ್ಕೆ ಸಮ. ಎಕರೆಗೆ ಅರ್ಧ ಚೀಲ ಹೆಚ್ಚು ಹಾಕಿದ್ದರಿಂದ ಹತ್ತು ಕಿಲೋ ಕಾಳು ಹೆಚ್ಚು ಬಂದರೂ ಅವನಿಗೆ ಲಾಭವೇ, ಬಾರದಿದ್ದರೆ ಹೋಗುವುದು 133 ರೂಪಾಯಿ. ಈಗ ಯಾವುದೋ ಸಾಧನ ಬಂದು ಆ ಅರ್ಧ ಚೀಲ ಉಳಿಸಿಕೊಟ್ಟಿತು ಅನ್ನಿ. ಮೂರು ಎಕರೆಯವನಿಗೆ ಒಂದು ಹಂಗಾಮಿಗೆ ಉಳಿಯುವುದು 400 ರೂಪಾಯಿ. ಆ 400ಕ್ಕಾಗಿ ಅವನು ಆ್ಯಪ್‌ನ ಚಂದಾ ಕಟ್ಟಬೇಕು, ಸಾವಿರಗಟ್ಟಲೆ ಬೆಲೆಯ ಸೆನ್ಸರ್ ಹೂಳಬೇಕು, ಎಡೆ ಹೊಡೆಯುವಾಗ ಅದು ಕುಂಟೆಗೆ ಸಿಗದಂತೆ ಕಾಯಬೇಕು.

ಉಳಿತಾಯ ಇಲ್ಲವೇ ಇಲ್ಲ ಎಂದಲ್ಲ. ಇದೆ, ಆದರೆ ಅದು ರೈತನದಲ್ಲ. ಒಂದು ಚೀಲ ಯೂರಿಯಾಕ್ಕೆ ಕೇಂದ್ರ ಸರ್ಕಾರ ತುಂಬಿಕೊಡುವ ಸಹಾಯಧನ ರೈತ ಕೊಡುವ ಬೆಲೆಯ ಹಲವು ಪಟ್ಟು. 2022–23ರಲ್ಲಿ ದೇಶದ ಒಟ್ಟು ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿ ಮುಟ್ಟಿತ್ತು. ಗೊಬ್ಬರ ಕಡಿಮೆಯಾದರೆ ಲಾಭ ಖಜಾನೆಗೆ, ನದಿಗೆ, ಕುಡಿಯುವ ನೀರಿಗೆ. ಅದು ದೊಡ್ಡ ಲಾಭವೇ. ಹಾಗಿದ್ದರೆ ಅದರ ಖರ್ಚನ್ನೂ ಖಜಾನೆಯೇ ಹೊರಬೇಕಲ್ಲ? ರೈತನಿಗೆ ಲಾಭ ಎಂದು ಹೇಳಿ ಅವನ ಕೈಗೆ ಉಪಕರಣ ಮಾರುವುದು ಯಾವ ನ್ಯಾಯ?

ಬೆಲೆಗಿಂತ ಹೆಚ್ಚು ಕಾಡುವುದು ಪೂರೈಕೆ. 2025ರ ಮುಂಗಾರು ಬೇಗ ಬಂತು, ಗೋವಿನಜೋಳದ ಬಿತ್ತನೆಯೂ ಹೆಚ್ಚಾಯಿತು. ಜುಲೈ ಬರುವ ಹೊತ್ತಿಗೆ ಕೊಪ್ಪಳ, ಗದಗ, ಹಾವೇರಿ ಸೀಮೆಯಲ್ಲಿ ಯೂರಿಯಾಕ್ಕೆ ನಸುಕಿನಿಂದಲೇ ಸಾಲು. ಚಪ್ಪಲಿ, ಕಲ್ಲು, ಆಧಾರ್ ಜೆರಾಕ್ಸು ಸಾಲಿನಲ್ಲಿಟ್ಟು ಕಾಯುವ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಕೊಪ್ಪಳದ ರೈತನೊಬ್ಬ ಗೊಬ್ಬರ ಸಿಗದ ಸಿಟ್ಟಿಗೆ ಮಣ್ಣು ತಿಂದ ದೃಶ್ಯವೂ ಟಿವಿಯಲ್ಲಿ ಬಂತು. ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸಿತು, ಕೇಂದ್ರ ರಾಜ್ಯದ ಕಡೆ.

ಮಳೆಯಾಶ್ರಿತ ಗೋವಿನಜೋಳಕ್ಕೆ ಮೇಲುಗೊಬ್ಬರ ಹಾಕುವ ಕಾಲ ಬಹಳ ಸಣ್ಣದು. ಬಿತ್ತಿದ ಒಂದು ತಿಂಗಳ ಆಚೀಚೆ, ಅದೂ ಮಳೆ ಬಿದ್ದು ನೆಲದಲ್ಲಿ ಹಸಿ ಇರುವ ಎರಡು ಮೂರು ದಿನ. ಆ ದಿನ ಚೀಲ ಕೈಯಲ್ಲಿಲ್ಲದಿದ್ದರೆ ಆಮೇಲೆ ಹಾಕಿದ್ದರ ಬಹುಪಾಲು ದಂಡ. ಒಂದು ವರ್ಷ ಹೀಗೆ ಪೆಟ್ಟು ತಿಂದವನು ಮರುವರ್ಷ ಏನು ಮಾಡುತ್ತಾನೆ? ಸಿಕ್ಕ ದಿನ ಸಿಕ್ಕಷ್ಟು ತಂದು ಪಡಸಾಲೆಯಲ್ಲಿ ಒಟ್ಟುತ್ತಾನೆ. ಒಟ್ಟಿದ್ದನ್ನು ಮಳೆಗಾಲದ ಥಂಡಿಗೆ ಗಡ್ಡೆ ಕಟ್ಟಲು ಬಿಡುವುದಿಲ್ಲ, ಹೊಲಕ್ಕೇ ಹಾಕುತ್ತಾನೆ. ಹೀಗೆ ಬೀಳುವ ಹೆಚ್ಚುವರಿ ಚೀಲಕ್ಕೆ ಕಾರಣ ಅನಿಶ್ಚಿತ ಪೂರೈಕೆಯೇ ಹೊರತು ಅಜ್ಞಾನವಲ್ಲ. 'ನಿಮ್ಮ ಬೆಳೆಗೆ ಇಂದು ಎಕರೆಗೆ 22 ಕಿಲೋ ಯೂರಿಯಾ ಸಾಕು' ಎಂದು ಫೋನಿಗೆ ಸಂದೇಶ ಬಂದ ದಿನವೇ ಊರಿನ ಅಂಗಡಿಯಲ್ಲಿ ಒಂದೂ ಚೀಲವಿಲ್ಲದಿದ್ದರೆ ಆ ಸಂದೇಶವನ್ನು ಏನೆಂದು ಕರೆಯೋಣ?

ಚೀಲ ಬಂದಾಗಲಾದರೂ ಸುಖವೇ? ಅಂಗಡಿ ಕಟ್ಟೆಯ ಮೇಲೆ ನಡೆಯುವ ಮಾತು ಹೀಗಿರುತ್ತದೆ:

"ಯೂರಿಯಾ ಬಂದೈತೇನ್ರೀ?"

"ಬಂದೈತ್ರಿ. ಎಷ್ಟ್ ಬೇಕು?"

"ನಾಕ್ ಚೀಲ."

"ಎರಡ ಕೊಡಾಕ ಬರ್ತೈತಿ ನೋಡ್ರಿ. ಅದರ ಜೋಡಿ ಈ ಬಾಟ್ಲಿ ತಗೋಬೇಕು."

"ಬಾಟ್ಲಿ ಬ್ಯಾಡ್ರೀ ನಮಗ."

"ಹಂಗಂದ್ರ ಹೆಂಗ ಕಾಕಾ? ನಮಗೂ ಮ್ಯಾಲಿಂದ ಹಂಗ ಕಳಿಸ್ಯಾರ."

ಇದಕ್ಕೆ ಊರಲ್ಲಿ 'ಲಿಂಕ್' ಅನ್ನುತ್ತಾರೆ. ಬಾಟ್ಲಿ ಎಂದರೆ ಹೆಚ್ಚಾಗಿ ನ್ಯಾನೊ ಯೂರಿಯಾ. ಅದು 2021ರಲ್ಲಿ ಪೇಟೆಗೆ ಬಂದಾಗ ಅರ್ಧ ಲೀಟರಿನ ಬಾಟ್ಲಿ ಒಂದು ಚೀಲಕ್ಕೆ ಸಮ ಎಂದು ಸಾರಿದರು. ಶೇ. 4ರ ಸಾಂದ್ರತೆಯಲ್ಲಿ ಅದರೊಳಗಿದ್ದ ಸಾರಜನಕ 20 ಗ್ರಾಂ. ಚೀಲದಲ್ಲಿರುವುದು 20 ಕಿಲೋ ದಾಟುತ್ತದೆ. ಕಣ ಸಣ್ಣದಾದಷ್ಟೂ ಎಲೆ ಚೆನ್ನಾಗಿ ಹೀರುತ್ತದೆ ಎಂಬುದನ್ನು ಪೂರ್ತಿ ಒಪ್ಪಿಕೊಂಡರೂ ಸಾವಿರ ಪಟ್ಟಿನ ಅಂತರವನ್ನು ಸಸ್ಯ ಎಲ್ಲಿಂದ ತುಂಬಿಕೊಳ್ಳಬೇಕು? ಕಾಳಿನಲ್ಲಿರುವ ಪ್ರೋಟೀನು ಸಾರಜನಕದಿಂದ ಆದದ್ದು, ಜಾಹೀರಾತಿನಿಂದಲ್ಲ. ಆಮೇಲೆ ಸಾಂದ್ರತೆ ಏರಿಸಿದರು, ಬಾಟ್ಲಿಗೆ 100 ಗ್ರಾಂ ಆಯಿತು. ಲೆಕ್ಕ ಆಗಲೂ ಕೂಡುವುದಿಲ್ಲ. ಆದರೂ ನಿಖರ ಕೃಷಿಯ ಪ್ರಾತ್ಯಕ್ಷಿಕೆಗಳಲ್ಲಿ ಡ್ರೋನಿನ ಡಬ್ಬಿಗೆ ಮೊದಲು ಸುರಿಯುವುದು ಇದನ್ನೇ.

ಅದೇ ಅಂಗಡಿಯಲ್ಲಿ ಒಂದು ಯಂತ್ರ 2018ರಿಂದ ಕೂತಿದೆ. ಹೆಬ್ಬೆಟ್ಟು ಒತ್ತಿಸಿಕೊಂಡು, ಆಧಾರ್ ಸಂಖ್ಯೆ ಪಡೆದು, ಯಾರು ಯಾವ ದಿನ ಎಷ್ಟು ಚೀಲ ಒಯ್ದರು ಎಂದು ದಿಲ್ಲಿಗೆ ತಿಳಿಸುವ ಪಿಒಎಸ್ ಯಂತ್ರ. ಕಂಪನಿಗೆ ಸಹಾಯಧನ ಪಾವತಿಯಾಗುವುದು ಇದರ ಲೆಕ್ಕದ ಮೇಲೆ. ದೇಶದ ಯಾವ ಮೂಲೆಯಲ್ಲಿ ಯಾವ ವಾರ ಯೂರಿಯಾಕ್ಕೆ ಬೇಡಿಕೆ ಏರುತ್ತದೆ ಎಂಬುದು ವರ್ಷಗಳಿಂದ ಈ ಯಂತ್ರದ ಹೊಟ್ಟೆಯಲ್ಲಿದೆ. ಮಾಹಿತಿಯಿಂದಲೇ ಕೃಷಿ ಉದ್ಧಾರವಾಗುವುದಾದರೆ 2025ರ ಜುಲೈನ ಸಾಲುಗಳು ಇರಬಾರದಾಗಿತ್ತು. ಮಾಹಿತಿ ಮೇಲಕ್ಕೆ ಹೋಯಿತು, ಚೀಲ ಕೆಳಗೆ ಬರಲಿಲ್ಲ.

ಇನ್ನು ಮಣ್ಣು ಆರೋಗ್ಯ ಕಾರ್ಡು. 2015ರ ಫೆಬ್ರುವರಿಯಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಈ ಯೋಜನೆ ಶುರುವಾಯಿತು. ಹನ್ನೆರಡು ಅಂಶಗಳ ಕಾಗದ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ, ರಸಸಾರ, ಲವಣಾಂಶ, ಸಾವಯವ ಇಂಗಾಲ. ಮೇಲೆ ರೈತನ ಹೆಸರು, ಸರ್ವೆ ನಂಬರು. ನೋಡಿದವರಿಗೆ ಇದು ಅವನ ಹೊಲದ ಮಣ್ಣೇ ಅನಿಸಬೇಕು. ಆದರೆ ನಿಯಮದ ಪ್ರಕಾರ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ. 2015–16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಅಂದರೆ ಖುಷ್ಕಿಯ ಏಳು ರೈತರಿಗೆ ಒಂದೇ ಬೊಗಸೆ ಮಣ್ಣು, ಏಳು ಬೇರೆ ಬೇರೆ ಹೆಸರಿನ ಕಾರ್ಡು. ಅದರಲ್ಲೂ ಸಾರಜನಕ ಮಳೆಗೆ ಹರಿದು, ಬಿಸಿಲಿಗೆ ಆವಿಯಾಗಿ ದಿನದಿನಕ್ಕೆ ಬದಲಾಗುವ ವಸ್ತು. ಏಪ್ರಿಲ್‌ನಲ್ಲಿ ತೆಗೆದ ಮಣ್ಣು ಜುಲೈನ ಸಾರಜನಕದ ಬಗ್ಗೆ ಹೇಳುವುದು ಅಷ್ಟಕ್ಕಷ್ಟೇ.

ಹಾಗಂತ ಒರಟು ಅಳತೆ ಕೆಲಸಕ್ಕೆ ಬಾರದು ಎಂದಲ್ಲ. ನಮ್ಮ ರಾಜ್ಯದ ಅನುಭವವೇ ಅದನ್ನು ಹೇಳುತ್ತದೆ. 2009ರಲ್ಲಿ ರಾಜ್ಯ ಸರ್ಕಾರ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆಗೂಡಿ ಭೂಚೇತನ ಯೋಜನೆ ಶುರುಮಾಡಿತು. ತೊಂಬತ್ತು ಸಾವಿರಕ್ಕೂ ಹೆಚ್ಚು ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿದಾಗ ಖುಷ್ಕಿ ಜಮೀನುಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಎದ್ದು ಕಂಡಿತು. ಶಿಫಾರಸು ಹೊಲದ ಮಟ್ಟಕ್ಕೆ ಇಳಿಯಲಿಲ್ಲ, ತಾಲೂಕಿನ ಮಟ್ಟದಲ್ಲೇ ನಿಂತಿತು. ಇಂದಿನ ನಿಖರ ಕೃಷಿಯ ಪಂಡಿತರು ಕೇಳಿದರೆ ನಗುತ್ತಾರೆ: ಒಂದು ತಾಲೂಕಿಗೆಲ್ಲ ಒಂದೇ ಮದ್ದೇ? ಆದರೆ ಆ ಶಿಫಾರಸಿನ ಜೊತೆಗೇ ಜಿಪ್ಸಂ, ಸತುವಿನ ಸಲ್ಫೇಟು, ಬೋರಾಕ್ಸು ಅರ್ಧ ಬೆಲೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಂದವು, ಹೇಳಿಕೊಡಲು ಊರಿನದೇ ರೈತ ಅನುವುಗಾರರು ಇದ್ದರು. ರಾಗಿ, ಶೇಂಗಾ, ಗೋವಿನಜೋಳದ ಇಳುವರಿ ಶೇ. 20ಕ್ಕೂ ಮಿಕ್ಕಿ ಏರಿತೆಂದು ಇಕ್ರಿಸ್ಯಾಟ್ ವರದಿಗಳು ಹೇಳುತ್ತವೆ. ಪ್ರಾತ್ಯಕ್ಷಿಕೆ ಹೊಲಗಳ ಲೆಕ್ಕ ಎಂದು ಅದರಲ್ಲಿ ಅರ್ಧ ಕಳೆದೇ ನೋಡಿ, ಆಗಲೂ ಸಣ್ಣ ಮಾತಲ್ಲ. ತಾಲೂಕಿನ ನಕ್ಷೆಯ ಜೊತೆ ಬಂದ ಜಿಪ್ಸಂ ಚೀಲ ಮಾಡಿದ ಕೆಲಸವನ್ನು ಸರ್ವೆ ನಂಬರಿನ ನಕ್ಷೆಯೊಂದೇ ಮಾಡಲಾರದು.

ಇನ್ನೂ ಒಂದು ತೊಡಕನ್ನು ಆ್ಯಪ್ ಬರೆಯುವವರು ಯೋಚಿಸಿದಂತೆಯೇ ಕಾಣುವುದಿಲ್ಲ. ರಾಜ್ಯದಲ್ಲಿ ಯಾವ ಕೃಷಿ ಸವಲತ್ತು ಬೇಕಿದ್ದರೂ ರೈತನ ಗುರುತಿನ ಸಂಖ್ಯೆಯಾದ ಎಫ್‌ಐಡಿ ಬೇಕು, ಎಫ್‌ಐಡಿಗೆ ಪಹಣಿ ಬೇಕು. ಪಹಣಿಯಲ್ಲಿರುವುದು ಮಾಲೀಕನ ಹೆಸರು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಾನೂನಿನಲ್ಲಿ ಅಳಿಸಿತು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಅದು ಬಾಯಿಮಾತಿನ ಗುತ್ತಿಗೆಯಾಗಿ ಈಗಲೂ ನಡೆದಿದೆ. ಗೊಬ್ಬರ ಎರಚುವ ಕೈ ಗುತ್ತಿಗೆದಾರನದು, ಮಣ್ಣಿನ ಕಾರ್ಡು ಊರಲ್ಲೇ ಇಲ್ಲದ ಮಾಲೀಕನದು. ಮುಂದಿನ ವರ್ಷ ಈ ಗದ್ದೆ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಗೊತ್ತಿಲ್ಲದವನಿಗೆ ಸವಳು ತೆಗೆಯಲು ಜಿಪ್ಸಂ ಹಾಕಿ, ಹಸಿರೆಲೆ ಗೊಬ್ಬರ ಬೆಳೆಸಿ ಎಂದು ಬುದ್ಧಿ ಹೇಳಿದರೆ ಅವನು ಕೇಳುತ್ತಾನೆಯೇ? ಈ ಬೆಳೆಗೆ ಫಲ ಕೊಡುವುದನ್ನಷ್ಟೇ ಹಾಕುತ್ತಾನೆ. ಅದು ಯೂರಿಯಾ.

ಈಗ ಎದುರು ಪಕ್ಷದವರ ದೊಡ್ಡ ಉದಾಹರಣೆಗೆ ಬರೋಣ. ಮಹಾರಾಷ್ಟ್ರದ ಬಾರಾಮತಿಯ ಕಬ್ಬು. ಅಲ್ಲಿನ ಕೃಷಿ ಅಭಿವೃದ್ಧಿ ಟ್ರಸ್ಟು ಮೈಕ್ರೋಸಾಫ್ಟ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊತೆ ಸೇರಿ ಸಾವಿರ ರೈತರ ಹೊಲಗಳಲ್ಲಿ ಕೃತಕ ಬುದ್ಧಿಮತ್ತೆಯ ಪ್ರಯೋಗಕ್ಕೆ ಇಳಿಯಿತು. ಹೊಲದಲ್ಲಿ ಹವಾಮಾನ ಕೇಂದ್ರ, ಮಣ್ಣಿನಲ್ಲಿ ಸೆನ್ಸರ್, ಮೇಲೆ ಉಪಗ್ರಹ, ಫೋನಿನಲ್ಲಿ ಮರಾಠಿ ಸಲಹೆ. 2025ರ ಆರಂಭದಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲಾ ಇದನ್ನು ಕೊಂಡಾಡಿದರು, ಎಲಾನ್ ಮಸ್ಕ್ ತಲೆಯಾಡಿಸಿದರು. ಇಳುವರಿ ಶೇ. 40ರಷ್ಟು ಹೆಚ್ಚಿತೆಂಬ ಮಾತು ವಾಟ್ಸಾಪಿನಲ್ಲಿ ಗಡಿ ದಾಟಿ ಬೆಳಗಾವಿ, ಬಾಗಲಕೋಟೆಗೂ ಬಂತು. ಮಹಾರಾಷ್ಟ್ರ ಸರ್ಕಾರ ಅದೇ ವರ್ಷ ಕೃಷಿಯಲ್ಲಿ ಕೃತಕ ಬುದ್ಧಿಮತ್ತೆಗೆಂದೇ ಒಂದು ನೀತಿ ತಂದು 500 ಕೋಟಿ ರೂಪಾಯಿ ಇಟ್ಟಿತು.

ಇಂಥ ಪ್ರಯೋಗಗಳ ಫಲಿತಾಂಶ ಓದುವಾಗ ಒಂದು ಪ್ರಶ್ನೆಯನ್ನು ಕೈಬಿಡಬಾರದು. ಒಳ್ಳೆಯ ಸಸಿ, ಸರಿಯಾದ ಅಂತರ, ಹನಿ ನೀರಾವರಿ, ನೀರಿನ ಜೊತೆ ಕಂತು ಕಂತಾಗಿ ಗೊಬ್ಬರ, ವಾರಕ್ಕೊಮ್ಮೆ ಬಂದು ನೋಡುವ ತಜ್ಞ, ಇವಿಷ್ಟನ್ನೂ ಒಟ್ಟಿಗೆ ಕೊಟ್ಟ ಮೇಲೆ ಬಂದ ಹೆಚ್ಚುವರಿ ಟನ್ನುಗಳಲ್ಲಿ ಸೆನ್ಸರಿನ ಪಾಲೆಷ್ಟು? ಅದೇ ಹೊಲದ ಪಕ್ಕ ಸೆನ್ಸರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟ ಇನ್ನೊಂದು ಹೊಲ ಇಟ್ಟು ತೋರಿಸುವವರೆಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಎಕರೆಗೆ ಎಂಬತ್ತು ಟನ್ ಬೆಳೆಯುವ ಕಬ್ಬಿನವರೂ ನೂರರ ಗೆರೆ ದಾಟಿದವರೂ ಬೆಳಗಾವಿ ಜಿಲ್ಲೆಯಲ್ಲಿ ಕೃತಕ ಬುದ್ಧಿಮತ್ತೆಗಿಂತ ಮೊದಲೇ ಇದ್ದರು.

ಆದರೆ ಕಬ್ಬಿನ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಇದಲ್ಲ. ಕಬ್ಬಿಗೆ ತಡವಾಗಿ, ವಿಪರೀತವಾಗಿ ಸಾರಜನಕ ಕೊಟ್ಟರೆ ಏನಾಗುತ್ತದೆ ಎಂದು ಪ್ರತಿಯೊಬ್ಬ ಕಬ್ಬು ಬೆಳೆಗಾರನಿಗೂ ಗೊತ್ತು. ಗಿಡ ಸೊಕ್ಕಿ ಬೆಳೆಯುತ್ತದೆ, ಮಲಗುತ್ತದೆ, ತೂಕ ಬರುತ್ತದೆ, ಸಕ್ಕರೆ ಕೂಡುವುದು ತಡವಾಗುತ್ತದೆ. ಸಕ್ಕರೆ ಕಡಿಮೆಯಾದರೆ ಅವನಿಗೆ ನಷ್ಟವೇ? ಇಲ್ಲ. ಕೇಂದ್ರ ನಿಗದಿಪಡಿಸುವ ನ್ಯಾಯಯುತ ಬೆಲೆ 2025–26ಕ್ಕೆ ಶೇ. 10.25ರ ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಏರಿದರೆ ಬೆಲೆಯೂ ಏರುತ್ತದೆ. ಆದರೆ ಆ ಇಳುವರಿ ಇಡೀ ಕಾರ್ಖಾನೆಯ ಸರಾಸರಿ. ನನ್ನ ಕಬ್ಬಿನಲ್ಲಿ ಸಕ್ಕರೆ ಹನ್ನೆರಡಿರಲಿ, ಒಂಬತ್ತಿರಲಿ, ನನಗೆ ಸಿಗುವ ದರ ಪಕ್ಕದವನಿಗೆ ಸಿಗುವುದೇ. ನನ್ನ ಕೈಯಲ್ಲಿರುವುದು ತೂಕ ಮಾತ್ರ, ತೂಕ ಹೆಚ್ಚಿಸುವುದು ಯೂರಿಯಾ. ಈ ಲೆಕ್ಕ ಹೀಗೇ ಇರುವಾಗ ಹೊಲದಲ್ಲಿ ಎಷ್ಟು ಸೆನ್ಸರ್ ನೆಟ್ಟರೂ ಅದು ಹೇಳುವ ಮಾತು ರೈತನ ಲಾಭಕ್ಕೆ ಎದುರಾಗಿಯೇ ನಿಲ್ಲುತ್ತದೆ. ಲಾಭಕ್ಕೆ ಎದುರಾದ ಸಲಹೆಯನ್ನು ಒಂದು ವರ್ಷ ಕೇಳಬಹುದು, ಎರಡನೇ ವರ್ಷ ಕೇಳಲಾರ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಕಬ್ಬಿನ ಹೋರಾಟಗಳಲ್ಲಿ ವರ್ಷ ವರ್ಷವೂ ಕೇಳುವ ಇನ್ನೆರಡು ಮಾತುಗಳಿವೆ. ಒಂದು, ಕಾರ್ಖಾನೆಯ ಕಾಟಾದಲ್ಲಿ ಮೋಸ. ಇನ್ನೊಂದು, ಇಳುವರಿಯ ಅಂಕಿಯಲ್ಲಿ ಮೋಸ. ಈ ಆರೋಪ ಎಷ್ಟು ನಿಜವೆಂದು ತೀರ್ಮಾನಿಸುವುದು ಇಲ್ಲಿ ನನ್ನ ಕೆಲಸವಲ್ಲ. ಆದರೆ ಗಮನಿಸಿ, ರೈತ ತಾನಾಗಿ ಬಾಯಿಬಿಟ್ಟು ಕೇಳುತ್ತಿರುವ ನಿಖರತೆ ಇದು: ನನ್ನ ಗಾಡಿಯ ತೂಕ ಸರಿಯಾಗಿ ಹೇಳಿ, ನನ್ನ ಕಬ್ಬಿನ ಸಕ್ಕರೆ ಸರಿಯಾಗಿ ಅಳೆಯಿರಿ. ಅವನು ಕೇಳಿದ ಜಾಗದಲ್ಲಿ ಅಳೆಯುವ ಯಂತ್ರ ಇಡಲು ದಶಕಗಳಿಂದ ಮೀನಮೇಷ. ಅವನು ಕೇಳದ ಜಾಗದಲ್ಲಿ ಇಡಲು ಕೋಟಿಗಟ್ಟಲೆ. ಗಾಡಿ ಗಾಡಿಯ ರಸ ತೆಗೆದು ಸಕ್ಕರೆ ಅಳೆದು ಅದಕ್ಕೆ ತಕ್ಕ ಬೆಲೆ ಕೊಡುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಆಸ್ಟ್ರೇಲಿಯಾದಲ್ಲಿ ಬೆಳೆಗಾರನಿಗೆ ಹಣ ಹೋಗುವುದು ಅವನ ಕಬ್ಬಿನ ಸಕ್ಕರೆ ಅಂಶ ನೋಡಿಯೇ. ಅಂಥದ್ದೊಂದು ವ್ಯವಸ್ಥೆ ಇಲ್ಲಿ ಬಂದರೆ ಕೊನೆಯ ಕಂತಿನ ಯೂರಿಯಾವನ್ನು ಯಾರೂ ಹೇಳದೆಯೇ ರೈತ ಕೈಬಿಡುತ್ತಾನೆ.

ಇದು ಬರಿಯ ಊಹೆಯಲ್ಲ ಎನ್ನುವುದಕ್ಕೆ ದ್ರಾಕ್ಷಿ ಸಾಕ್ಷಿ. 2010ರಲ್ಲಿ ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿ, ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಮಿತಿ ಮೀರಿದೆ ಎಂದು ತಿರಸ್ಕೃತವಾಯಿತು. ನಾಸಿಕ್ ಸೀಮೆಯ ಬೆಳೆಗಾರರು ತತ್ತರಿಸಿದರು. ಆದರೆ ಅದಾದ ಮೇಲೆ ಯಾವ ಔಷಧಿ ಯಾವ ದಿನ ಎಷ್ಟು ಮಿಲಿ ಎಂದು ಪುಸ್ತಕದಲ್ಲಿ ಬರೆದಿಡುವುದನ್ನು ರಫ್ತಿನ ದ್ರಾಕ್ಷಿಯವರಿಗೆ ಯಾರೂ ಒತ್ತಾಯ ಮಾಡಿ ಕಲಿಸಬೇಕಾಗಲಿಲ್ಲ. ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಹೋಗಿ ನೋಡಿ. ಚಾಟನಿಯ, ಅಂದರೆ ಬಳ್ಳಿ ಸವರುವಿಕೆಯ, ನಂತರ ಎಲೆ ತೊಟ್ಟು ಕಿತ್ತು ಪ್ರಯೋಗಾಲಯಕ್ಕೆ ಕಳಿಸಿ, ವರದಿ ನೋಡಿ ಹನಿ ಪೈಪಿನಲ್ಲಿ ಗೊಬ್ಬರ ಬಿಡುವ ಬೆಳೆಗಾರರಿದ್ದಾರೆ. ಎಕರೆಗೆ ಲಕ್ಷಗಳ ಖರ್ಚು, ಲಕ್ಷಗಳ ಆದಾಯ, ನೀರು ತನ್ನದೇ ಬಾವಿಯದು, ತಪ್ಪಿದರೆ ತಕ್ಷಣ ಪೆಟ್ಟು. ಅಲ್ಲಿ ನಿಖರತೆಗೆ ಬೆಲೆಯಿದೆ, ಹಾಗಾಗಿ ನಿಖರತೆ ಇದೆ. ಪಾಲಿಹೌಸಿನ ದಪ್ಪಮೆಣಸಿನಕಾಯಿಗೂ ಇದೇ ಮಾತು. ಅಂಥವರಿಗೆ ಸೆನ್ಸರ್ ಮಾರುವವರ ಬಗ್ಗೆ ನನ್ನ ಆಕ್ಷೇಪ ಏನೂ ಇಲ್ಲ. ದ್ರಾಕ್ಷಿಯವನ ಯಶಸ್ಸನ್ನು ತೋರಿಸಿ ಗೋವಿನಜೋಳದವನಿಗೆ ಮಾರುವುದಕ್ಕೆ ಆಕ್ಷೇಪ.

ಅಮೆರಿಕದ ಹೆಸರೂ ಈ ವಾದದಲ್ಲಿ ಆಗಾಗ ಬರುತ್ತದೆ. ಈ ವಿದ್ಯೆ ಹುಟ್ಟಿದ್ದೇ ಅಲ್ಲಿ, 1990ರ ದಶಕದ ಗೋವಿನಜೋಳದ ಬಯಲುಗಳಲ್ಲಿ. ಅಲ್ಲಿನ ಕೃಷಿ ಇಲಾಖೆಯ ಆರ್ಥಿಕ ಸಂಶೋಧನಾ ವಿಭಾಗ 2016ರಲ್ಲಿ ಲೆಕ್ಕ ತೆಗೆದು ನೋಡಿತು. ಜಿಪಿಎಸ್ ನಕ್ಷೆ, ತಾನೇ ದಾರಿ ಹಿಡಿಯುವ ಟ್ರ್ಯಾಕ್ಟರು, ಜಾಗಕ್ಕೆ ತಕ್ಕಂತೆ ಗೊಬ್ಬರ ಬದಲಿಸುವ ಯಂತ್ರ, ಈ ಮೂರರಿಂದಲೂ ಲಾಭ ಇದೆ, ಆದರೆ ಸಣ್ಣದು ಎಂದಿತು. ಶೇ. 1ರಿಂದ 3ರೊಳಗೆ. ಗೊಬ್ಬರ ಬದಲಿಸುವ ಯಂತ್ರದ ಪಾಲು ಅದರಲ್ಲೇ ಅತಿ ಕಡಿಮೆ. ನೂರಾರು ಎಕರೆಯ, ಗೊಬ್ಬರಕ್ಕೆ ಪೂರ್ತಿ ಬೆಲೆ ತೆರುವ ರೈತನಿಗೆ ಅಷ್ಟು. ಮೂರು ಎಕರೆಯ, 266 ರೂಪಾಯಿ ಚೀಲದ ರೈತನಿಗೆ ಎಷ್ಟೆಂದು ಓದುಗರೇ ಅಂದಾಜು ಮಾಡಬಹುದು.

ಡ್ರೋನಿನ ಬಗ್ಗೆ ಎರಡು ಮಾತು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಲು 1,261 ಕೋಟಿ ರೂಪಾಯಿ ಇಟ್ಟಿದ್ದಾರೆ, ಬೆಲೆಯ ಶೇ. 80, ಗರಿಷ್ಠ 8 ಲಕ್ಷ ಸರ್ಕಾರದ್ದು. ಕಲಬುರಗಿಯ ಆಳೆತ್ತರದ ತೊಗರಿಯಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು, ವಿಷದ ಹನಿಯನ್ನು ಮುಖಕ್ಕೆ ಬಡಿಸಿಕೊಂಡು ನಡೆಯುವವರನ್ನು ಕಂಡವರು ಡ್ರೋನನ್ನು ಬೇಡ ಎನ್ನಲಾರರು. ನಾನೂ ಅನ್ನುವುದಿಲ್ಲ. ಆದರೆ ಅದು ಉಳಿಸುವುದು ಆಳನ್ನು, ಆರೋಗ್ಯವನ್ನು, ಸಮಯವನ್ನು. ಅದರಲ್ಲಿ ನಿಖರತೆ ಎಲ್ಲಿದೆ? ನಮ್ಮೂರುಗಳಲ್ಲಿ ಹಾರುವ ಡ್ರೋನು ಎಕರೆಯ ಈ ಬದುವಿನಿಂದ ಆ ಬದುವಿನವರೆಗೆ ಹತ್ತು ಲೀಟರನ್ನು ಒಂದೇ ಸಮ ಸುರಿಯುತ್ತದೆ, ಹುಳ ಇದ್ದ ಸಾಲಿಗೂ ಇಲ್ಲದ ಸಾಲಿಗೂ. ಕೆಲಸ ಹಗುರ ಮಾಡುವ ಯಂತ್ರ ಎಂದು ಹೇಳಿ ಕೊಡಲಿ, ಸಾಕು. ಒಳಸುರಿ ಉಳಿಸುವ ಯಂತ್ರ ಎನ್ನುವುದು ಬೇಡ.

ಹಾಗಾದರೆ ಗೋವಿನಜೋಳದ, ಭತ್ತದ ರೈತನಿಗೆ ಅಳತೆ ಬೇಡವೇ? ಬೇಕು. ಅವನ ಜೇಬಿಗೆ ಹೊಂದುವ ಅಳತೆಗಳು ಇವೆ, ಯಾರೂ ಅವುಗಳ ಮಳಿಗೆ ಹಾಕುವುದಿಲ್ಲ ಅಷ್ಟೆ. ಎಲೆ ಬಣ್ಣದ ಪಟ್ಟಿಯನ್ನೇ ತೆಗೆದುಕೊಳ್ಳಿ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಏಷ್ಯಾದ ಸಣ್ಣ ರೈತರಿಗೆಂದೇ ಬಳಕೆಗೆ ತಂದದ್ದು. ಗೇಣುದ್ದದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ನಾಲ್ಕೋ ಆರೋ ಪಟ್ಟೆ. ಬೆಳಿಗ್ಗೆ ಗದ್ದೆಗೆ ಇಳಿದು ಹತ್ತು ಗಿಡ ಆರಿಸಿ, ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯನ್ನು ಕೀಳದೆ ಪಟ್ಟಿಯ ಮೇಲಿಟ್ಟು, ಬಿಸಿಲಿಗೆ ಬೆನ್ನು ಮಾಡಿ ನಮ್ಮ ನೆರಳಿನಲ್ಲೇ ಬಣ್ಣ ಹೋಲಿಸಬೇಕು. ಪ್ರತಿ ಸಲವೂ ನೋಡುವವರು ಒಬ್ಬರೇ ಆದರೆ ಒಳ್ಳೆಯದು. ಕಣ್ಣು ಬದಲಾದರೆ ಬಣ್ಣವೂ ಬದಲಾಗುತ್ತದೆ. ಹತ್ತರಲ್ಲಿ ಆರು ಎಲೆ ಗುರುತಿನ ಪಟ್ಟೆಗಿಂತ ತಿಳಿಯಾಗಿದ್ದರೆ ಒಂದು ಕಂತು ಯೂರಿಯಾ, ಇಲ್ಲದಿದ್ದರೆ ವಾರ ಹತ್ತು ದಿನ ಬಿಟ್ಟು ಮತ್ತೆ ನೋಡುವುದು. ಬ್ಯಾಟರಿ ಬೇಡ, ಚಂದಾ ಬೇಡ, ಪಹಣಿ ಬೇಡ. ಗುತ್ತಿಗೆದಾರನೂ ಬಳಸಬಹುದು, ಕಳೆ ಕೀಳಲು ಬಂದ ಹೆಣ್ಣಾಳೂ ಬಳಸಬಹುದು. ಮಣ್ಣನ್ನು ಏಪ್ರಿಲ್‌ನಲ್ಲಿ ಕೇಳುವ ಬದಲು ಗಿಡವನ್ನೇ ಇವತ್ತು ಕೇಳುವ ಉಪಾಯ ಇದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟು ಮನೆಯಲ್ಲಿ ಈ ಪಟ್ಟಿ ಇದೆ ಎಂದು ಕೇಳಿ ನೋಡಿ.

ಖುಷ್ಕಿಗೆ ಕೂರಿಗೆ ಇದೆ. ಗೊಬ್ಬರವನ್ನು ಹೊಲದ ತುಂಬ ಎರಚದೆ ಬೀಜದ ಪಕ್ಕದಲ್ಲಿ, ಬೀಜಕ್ಕಿಂತ ತುಸು ಆಳದಲ್ಲಿ ಬೀಳಿಸುವ ಬೀಜ-ಗೊಬ್ಬರ ಕೂರಿಗೆ. ರಂಜಕ ಇದ್ದಲ್ಲಿಂದ ಕದಲದ ಪೋಷಕಾಂಶ, ಬೇರಿನ ಬಾಯಿಗೆ ಇಟ್ಟರೇ ಅದಕ್ಕೆ ಬೆಲೆ. ಬಾಡಿಗೆ ಯಂತ್ರಗಳ ಕೇಂದ್ರಗಳಲ್ಲಿ ಬಿತ್ತನೆಯ ವಾರ ಇದು ಎಲ್ಲರಿಗೂ ಒಟ್ಟಿಗೆ ಬೇಕು, ಎಲ್ಲರಿಗೂ ಸಿಗುವುದಿಲ್ಲ. ಅದನ್ನು ಹೆಚ್ಚಿಸುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳೂ ಒಳ್ಳೆಯ ಕೆಲಸವೇ. ಮೇಲುಗೊಬ್ಬರದ ದಿನ ಆರಿಸಲು ಊರಿನ ಮಳೆಯ ಲೆಕ್ಕಕ್ಕಿಂತ ಮುಖ್ಯವಾದ ಮಾಹಿತಿ ಬೇರೆ ಇಲ್ಲ. ಅಲ್ಲಿ ತಂತ್ರಜ್ಞಾನ ಸರ್ಕಾರದ ಖರ್ಚಿನಲ್ಲಿ, ಸರ್ಕಾರದ ಜಾಗದಲ್ಲಿ ಕೂತು ರೈತನಿಗೆ ಪುಕ್ಕಟೆ ದುಡಿಯುತ್ತಿದೆ. ನನಗೆ ಒಪ್ಪುವ ನಿಖರ ಕೃಷಿ ಇದು.

ಕೃಷಿ ಇಲಾಖೆಯವರಿಗೆ ಒಂದು ವಿನಂತಿ. ಮುಂದಿನ ಬಜೆಟಿನಲ್ಲಿ ಕೃತಕ ಬುದ್ಧಿಮತ್ತೆಗೆ ಎಷ್ಟು ಕೋಟಿ ಎಂದು ಬರೆಯುವ ಮುನ್ನ, ಮೇ ತಿಂಗಳ ಕೊನೆಯ ವಾರ ಯಾವುದಾದರೂ ಹತ್ತು ಹೋಬಳಿಗಳ ರೈತ ಸಂಪರ್ಕ ಕೇಂದ್ರಕ್ಕೆ ಹೇಳದೆ ಕೇಳದೆ ಹೋಗಿ ಬನ್ನಿ. ಗೋದಾಮಿನ ಬಾಗಿಲು ತೆಗೆಸಿ ಸತುವಿನ ಸಲ್ಫೇಟು, ಜಿಪ್ಸಂ, ಬೋರಾಕ್ಸು ಬಂದಿವೆಯೇ, ಬಂದಿದ್ದರೆ ಎಷ್ಟು ಚೀಲ, ಬಿತ್ತನೆಗೆ ಸಾಕಾಗುತ್ತವೆಯೇ ಎಂದು ಎಣಿಸಿ. ಆ ಎಣಿಕೆಯನ್ನು ಕೇಂದ್ರದ ಬಾಗಿಲ ಮೇಲೆ ಅಂಟಿಸಿ.